ಮೂರು ಬಂದ ಮನೆ

ಅಡುಗೆಮನೆಯ ಮೂಲೆಯಲ್ಲಿ ಒಂದು ಓವನ್. ಅದರ ಗಾಜಿನ ಬಾಗಿಲು ಅರ್ಧ ತೆರೆದುಕೊಂಡು, ದವಡೆ ಜೋತುಬಿದ್ದ ಬಾಯಿಯಂತೆ ಹಾಗೆಯೇ ನಿಂತಿದೆ. ಒಳಗಿನ ಜಾಲರಿಯ ಮೇಲೆ ಎಂಟು ಜೋಳದ ರೊಟ್ಟಿ. ಅಂಚುಗಳು ಮಾತ್ರ ಸ್ವಲ್ಪ ಕೆಂಪಾಗಿವೆ, ನಡುವೆ ಹಸಿಹಿಟ್ಟಿನ ಬಿಳುಪು ಉಳಿದಿದೆ. ಒಳದೀಪ ಆರಿಲ್ಲ, ಆದರೆ ಆ ಬೆಳಕು ಯಾವುದನ್ನೂ ಬೇಯಿಸುವ ಬೆಳಕಲ್ಲ. ಗುಂಡಿಗಳ ಸಾಲಿನ ನಡುವೆ, ಎರಡು ಬೆರಳಗಲದ ಕಪ್ಪು ಗಾಜಿನಲ್ಲಿ, ಕೆಂಪಗೆ ಒಂದು ಇಂಗ್ಲಿಷ್ ಅಕ್ಷರ, ಪಕ್ಕದಲ್ಲಿ ಒಂದು ಅಂಕಿ: ಎಫ್ ಮೂರು. ಕಿಟಕಿಯಿಂದ ಇಳಿದ ಹನ್ನೊಂದು ಗಂಟೆಯ ಬಿಸಿಲು ಕಟ್ಟೆಯ ಮೇಲಿನ ಪರಾತದವರೆಗೆ ಬಂದು ನಿಂತಿದೆ. ಪರಾತದ ಹಿಟ್ಟಿನ ಮುದ್ದೆಯ ಮೇಲೆ ನಾಲ್ಕು ಬೆರಳಿನ ಗುರುತು, ನಾದುವುದನ್ನು ಅರ್ಧಕ್ಕೇ ಬಿಟ್ಟು ಕೈ ತೆಗೆದ ಹಾಗೆ. ಆ ಬೆರಳುಗಳ ಒಡತಿ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಾಳೆ, ಬರಿಗಾಲಲ್ಲಿ. ಅವಳ ತಲೆಯ ಮೇಲೆ, ಅಟ್ಟದಲ್ಲಿ, ಹಗ್ಗ ಬಿಗಿದ ಒಂದು ತಗಡಿನ ಡಬ್ಬಿ. ಅವಳ ಎದುರಿಗೆ ಮೂವರು. ಯಾರ ಕಣ್ಣೂ ಓವನ್ನಿನ ಮೇಲಿಲ್ಲ. ಎಲ್ಲರೂ ಅವಳನ್ನೇ ನೋಡುತ್ತಿದ್ದಾರೆ.

ಗುರುಪಾದಪ್ಪನ ಮನೆಯ ಹೊಸ್ತಿಲು ದಾಟಿದಾಗ ನನಗೆ ಕಂಡದ್ದು ಇದು. ನಾನು ಬಂದದ್ದು ಒಂದು ಸಹಿ ಹಾಕುವುದಕ್ಕೆ.

ನಮ್ಮೂರಲ್ಲಿ ಒಲೆಯೆಂದರೆ ಓವನ್ನೇ, ಮನೆಗೊಂದು. ಮನೆಮಂದಿಯಲ್ಲಿ ಯಾರಾದರೂ ಒಳಗೊಳಗೇ ಆ ಮನೆಯನ್ನು ಬಿಟ್ಟಿದ್ದರೆ ಅದು ಕಾಯುವುದಿಲ್ಲ. ಗಾಜಿನಲ್ಲಿ ಮೂರು ಬರುತ್ತದೆ. ಸಂತೆಗೋ ಮದುವೆಗೋ ಹೋಗಿಬರುವ ಆಸೆಗೆ ಬರುವುದಿಲ್ಲ. ಮತ್ತೆ ತಿರುಗಿ ಬಾರದ ಹಾಗೆ ಮನಸ್ಸು ಎದ್ದು ನಡೆದಾಗ ಮಾತ್ರ. ನಮ್ಮ ಓಣಿಯ ದರ್ಜಿಯ ತಮ್ಮ ಊರು ಬಿಟ್ಟು ಬಸ್ಸು ಹತ್ತಿದ್ದು ಒಂದು ಗುರುವಾರ. ಸೋಮವಾರದಿಂದಲೇ ಅವರ ಮನೆಯಲ್ಲಿ ಅನ್ನ ಬೆಂದಿರಲಿಲ್ಲ. ಜನ ಇದಕ್ಕೆ ಹೊಂದಿಕೊಂಡಿದ್ದಾರೆ. ಹೊರಡುವ ಯೋಚನೆ ತಲೆಯಲ್ಲಿ ಸುಳಿದವರು, ಉಳಿದವರು ಹಸಿದಿರಬಾರದೆಂದು, ಮೊದಲು ಒಂದು ವಾರಕ್ಕಾಗುವಷ್ಟು ರೊಟ್ಟಿ ಸುಟ್ಟಿಟ್ಟು ಆಮೇಲೆ ಗಟ್ಟಿ ಮನಸ್ಸು ಮಾಡುತ್ತಾರೆ. ಜಗಳ ಮುಗಿಸಿದ ಗಂಡಹೆಂಡಿರು ಒಬ್ಬರಿಗೊಬ್ಬರು ಕಾಣದ ಹಾಗೆ ಆ ಕಪ್ಪು ಗಾಜಿನ ಕಡೆ ಒಮ್ಮೆ ನೋಡಿ ಮಲಗುತ್ತಾರೆ.

ನಾನು ಮೂವತ್ತೆಂಟು ವರ್ಷ ಊರಿನ ಓವನ್ ಕಚೇರಿಯಲ್ಲಿ ರಿಪೇರಿಗಾರನಾಗಿದ್ದೆ. ಈಗ ನಿವೃತ್ತ. ಓವನ್ ಎಷ್ಟಾದರೂ ಯಂತ್ರ. ಯಂತ್ರದ ರೋಗಗಳೂ ಅದಕ್ಕುಂಟು. ಬೋರ್ಡು ಸುಡುತ್ತದೆ, ಕರೆಂಟು ಬಿಟ್ಟು ಕಡಿಯುವ ರಿಲೇ ಅಂಟಿಕೊಳ್ಳುತ್ತದೆ, ಗುಂಡಿಗಳ ಹಿಂದಿನ ಪಟ್ಟಿತಂತಿ ಕಳಚಿಕೊಳ್ಳುತ್ತದೆ. ಆಗಲೂ ಕೆಲವು ಸಲ ಅದೇ ಮೂರು ಬರುವುದುಂಟು. ಆದ್ದರಿಂದ ಕರೆ ಬಂದಾಗ ರಿಪೇರಿಗಾರ ಒಂದೊಂದಾಗಿ ಎಲ್ಲವನ್ನೂ ನೋಡಿ, ಕಚೇರಿಯ ಚೀಟಿಯಲ್ಲಿರುವ ಎರಡು ಚೌಕಗಳಲ್ಲಿ ಒಂದಕ್ಕೆ ಗುರುತು ಹಾಕಬೇಕು. ಮೊದಲನೆಯದು, ‘ದೋಷ ಯಂತ್ರದಲ್ಲಿ’. ಎರಡನೆಯದು, ‘ದೋಷ ಮನೆಯಲ್ಲಿ’.

ಎರಡನೆಯದಕ್ಕೆ ಗುರುತು ಬಿದ್ದರೆ ಹೊಸ್ತಿಲ ಪರೀಕ್ಷೆ. ಮುಂದಿನ ಸಲ ಮೂರು ಬಂದ ಕೂಡಲೇ ಮನೆಯವರು ಒಬ್ಬೊಬ್ಬರಾಗಿ ಹೊರಗೆ ಹೋಗಿ, ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ಜಗಲಿಯ ಮೇಲೆ ಕೂತು ಬರುತ್ತಾರೆ. ಒಳಗಿದ್ದವರು ಓವನ್ನಿನ ಗುಂಡಿ ಒತ್ತುತ್ತಾರೆ. ಯಾರು ಹೊರಗಿದ್ದಾಗ ಅದು ಕಾಯುತ್ತದೋ ಮನಸ್ಸು ಬಿಟ್ಟವರು ಅವರೇ. ಹಿರಿಯರನ್ನು ಕಾಯಿಸಬಾರದಲ್ಲ, ಹಾಗಾಗಿ ಮೊದಲು ಹೋಗುವವರು ಅವರು, ಕೊನೆಗೆ ಸೊಸೆ. ಸಿಕ್ಕಿಬಿದ್ದವರು ಮುಂದೆ ಒಂದು ವರ್ಷ ಹೊಸ್ತಿಲು ದಾಟುವಂತಿಲ್ಲ. ಅವರ ಚಪ್ಪಲಿಗಳನ್ನು ಡಬ್ಬಿಯಲ್ಲಿಟ್ಟು ಅಟ್ಟಕ್ಕೆ ಕಟ್ಟುತ್ತಾರೆ. ಅಷ್ಟಾದ ಮೇಲೂ ಮೂರು ಬರುತ್ತಲೇ ಇದ್ದರೆ, ಕೆಲಸದಲ್ಲಿರುವ ರಿಪೇರಿಗಾರನದೊಂದು, ನಿವೃತ್ತನದೊಂದು, ಹೀಗೆ ಎರಡು ಸಹಿಯ ಚೀಟಿ ಬರೆಸಿ ಮನೆಯಿಂದ ಕಳಿಸುತ್ತಾರೆ. ಆ ಚೀಟಿಯಲ್ಲಿ ಹೆಸರು ಬಂದವಳನ್ನು ಊರಿನ ಯಾವ ಮನೆಯೂ ಒಳಗೆ ಕರೆಯುವುದಿಲ್ಲ, ಹೆತ್ತ ಮನೆಯೂ ಸಹ. ತಮ್ಮ ಓವನ್ ಆರಲೆಂದು ಯಾರು ತಾನೇ ಬಯಸುತ್ತಾರೆ?

“ಬಾ ತೋಟಪ್ಪಾ, ಬಾ,” ಎಂದ ಗುರುಪಾದಪ್ಪ. ನನಗಿಂತ ಎರಡು ವರ್ಷ ದೊಡ್ಡವನು. ಮಾತಾಡುವಾಗ ಎದುರಿಗಿದ್ದವರ ಭುಜ ಹಿಡಿದುಕೊಳ್ಳುವ ಅಭ್ಯಾಸ. “ಹೊಸಾ ರಿಪೇರಿಯಾಂವ ಸಹಿ ಹಾಕಿ ಹೋಗ್ಯಾನ. ನಿಂದೊಂದು ಬಿತ್ತಂದ್ರ ಮುಗೀತು. ಹದಿನೈದು ದಿನ ಆತು, ಮನ್ಯಾಗ ಒಂದು ಊಟ ನೆಟ್ಟಗ ಆಗಿಲ್ಲ. ಈಗ ನೋಡು, ಎರಡು ನಿಮಿಷದ ಹಿಂದ ಮತ್ತ ಮೂರು ಬಂತು.”

“ಕಾಕಾರ,” ಎಂದಳು ಗೋಡೆಗಂಟಿದವಳು. ಅವಳು ದಾಕ್ಷಾಯಣಿ, ಈ ಮನೆಗೆ ಸೊಸೆಯಾಗಿ ಬಂದು ಇನ್ನೂ ಒಂದು ವರ್ಷ ತುಂಬಿರಲಿಲ್ಲ. “ನಾ ಹೋಗಾಕಿ ಅಲ್ರಿ. ನೂರು ಸಲ ಹೇಳೀನಿ. ನನಗ ಈ ಮನಿ ಬೇಕು, ನನಗ ಇವರು ಬೇಕು.” ಎಂದು ಗಂಡನ ಕಡೆ ಕೈ ತೋರಿಸಿದಳು. ಆ ಕೈಗೆ ಇನ್ನೂ ಹಿಟ್ಟು ಅಂಟಿತ್ತು. “ಕೇಳ್ರಿ ಇವರನ್ನ! ಸುಮ್ನ ನಿಂತಾರ, ಕಂಬ ನಿಂತಂಗ.”

ಕಂಬವೆನಿಸಿಕೊಂಡ ರಾಚಪ್ಪ ನೆಲ ನೋಡಿದ. “ನಾ ಏನ ಮಾಡ್ಲಿ? ಓವನ್ ಹೇಳತೈತಿ.”

“ಓವನ್ ಹೇಳತೈತಂತ! ನಿಮಗ ಹೆಂಡ್ತಿ ಯಾರು, ನಾನೋ ಅದೋ?”

“ಬಾಯಿ ಮುಚ್ಚ,” ಎಂದಳು ಅತ್ತೆ ಶಂಕ್ರವ್ವ, ಸೊಸೆಯ ಮುಖ ನೋಡದೆ. ಬಿಳಿಗೂದಲನ್ನು ಬಿಗಿದು ಕಟ್ಟಿದ, ಎತ್ತರದ ಹೆಂಗಸು. “ಒಪ್ಪಿಕೊಂಡ್ರ ಅರ್ಧ ಭಾರ ಇಳೀತೈತಿ. ನಾ ಒಪ್ಪಿಕೊಂಡಿದ್ದೆ. ನನ್ನೇನು ಯಾರರೆ ಹೊಡದ್ರೇನು? ಒಂದು ವರ್ಷ ತುಟಿ ಪಿಟಕ್ಕನ್ನಲಿಲ್ಲ. ತಿದ್ದಿಕೊಂಡೆ.”

ಈ ಮಾತಿಗೆ ನಾನು ತಲೆ ತಗ್ಗಿಸಿದೆ. ಮೂವತ್ತೊಂದು ವರ್ಷದ ಹಿಂದೆ ಇದೇ ಅಡುಗೆಮನೆಯಲ್ಲಿ, ಇದೇ ಮಾದರಿಯ ಹಳೆಯ ಓವನ್ನಿನ ಮುಂದೆ ನಿಂತು, ಶಂಕ್ರವ್ವನಿಗಾಗಿ ಎರಡನೆಯ ಚೌಕಕ್ಕೆ ಗುರುತು ಹಾಕಿದವನು ನಾನೇ.

ಗುರುಪಾದಪ್ಪ ಚೀಟಿ ಮುಂದೆ ಹಿಡಿದ. ಮೊದಲ ಸಹಿಯ ಮಸಿ ಇನ್ನೂ ಹೊಸದಾಗಿತ್ತು.

“ಏನೇನ ನೋಡ್ಯಾನ?” ಎಂದೆ.

“ಎಲ್ಲಾ ನೋಡ್ಯಾನ ಮಾರಾಯಾ. ಪ್ಲಗ್ ನೋಡ್ದಾ, ಫ್ಯೂಜ್ ನೋಡ್ದಾ, ಬೋರ್ಡ್ ಬಿಚ್ಚಿದಾ, ಆ ಕಡ್ಡಿಗೆ ಮೀಟರ್ ಹಚ್ಚಿದಾ. ಎಲ್ಲಾ ನೆಟ್ಟಗ ಐತಿ ಅಂದಾ.”

“ಕಡ್ಡಿಗೆ ಮೀಟರ್ ಹಚ್ಚಿದಾಗ ಓವನ್ ಬಿಸಿ ಇತ್ತೋ, ತಣ್ಣಗಿತ್ತೋ?”

ಅವನು ನಕ್ಕ. “ಬಿಸಿ ಓವನ್ಯಾಗ ಕೈ ಹಾಕಾಕ ಅವಗೇನು ಹುಚ್ಚ ಹಿಡದೈತೇನು?”

ಮೂವತ್ತೆಂಟು ವರ್ಷ ನಾನೂ ಹೀಗೆಯೇ ನಕ್ಕವನು. ಓವನ್ನಿನ ಹಿಂಗೋಡೆಯಿಂದ ಒಳಕ್ಕೆ, ಪೆನ್ಸಿಲ್ಲಿನಷ್ಟು ಉದ್ದದ ಒಂದು ಕಡ್ಡಿ ಚಾಚಿಕೊಂಡಿರುತ್ತದೆ. ಒಳಗೆ ಎಷ್ಟು ಕಾವಿದೆಯೆಂದು ಬೋರ್ಡಿಗೆ ತಿಳಿಸುತ್ತಿರುವುದು ಅದರ ಕೆಲಸ. ತಣ್ಣಗಿದ್ದಾಗ ಮೀಟರಿನ ಮುಳ್ಳು ಸಾವಿರದೆಂಬತ್ತು ಓಮಿನ ಆಸುಪಾಸು ನಿಲ್ಲಬೇಕು, ಕಾದಂತೆಲ್ಲ ಮೇಲೇರಬೇಕು. ಕಡ್ಡಿಯ ಎರಡು ತಂತಿಗಳು ಓವನ್ನಿನ ಬೆನ್ನ ಹಿಂದೆ ಒಂದು ಪ್ಲಾಸ್ಟಿಕ್ ಜೋಡಣೆಯಲ್ಲಿ ಸೇರುತ್ತವೆ. ಆ ಜೋಡಣೆ ವರ್ಷಗಳ ಶಾಖಕ್ಕೆ ಸೀದು ಸಡಿಲವಾಗಿದ್ದರೆ, ತಣ್ಣಗಿರುವಾಗ ಕೂಡಿಕೊಂಡೇ ಇರುತ್ತದೆ. ಕಾವೇರಿದಾಗ ಕೂದಲೆಳೆಯಷ್ಟು ಬಿಟ್ಟುಕೊಳ್ಳುತ್ತದೆ. ಸುದ್ದಿ ನಿಂತೊಡನೆ ಬೋರ್ಡು ಬೆದರಿ ಕಾವನ್ನು ಕಡಿಯುತ್ತದೆ, ಮೂರು ತೋರಿಸುತ್ತದೆ. ರಿಪೇರಿಗಾರ ಬರುವಷ್ಟರಲ್ಲಿ ಎಲ್ಲ ಆರಿ, ಎಲ್ಲ ಕೂಡಿ, ಎಲ್ಲ ನೆಟ್ಟಗಾಗಿರುತ್ತದೆ.

ಇದು ನನಗೆ ಗೊತ್ತಾದದ್ದು ಮೂರು ವರ್ಷದ ಹಿಂದೆ, ನನ್ನದೇ ಮನೆಯಲ್ಲಿ. ನಾನು ಒಂಟಿ. ಒಂದು ದಿನ ನನ್ನ ಓವನ್ನಿನಲ್ಲಿ ಮೂರು ಬಂತು. ಹೊರಗೆ ಕಳಿಸಿ ನೋಡಲು ಮತ್ತೊಬ್ಬರಿರಲಿಲ್ಲ. ಎರಡು ದಿನ ಕನ್ನಡಿಯ ಮುಂದೆ ಕೂತು ನನ್ನನ್ನೇ ವಿಚಾರಿಸಿದೆ: ಎಲ್ಲಿಗೆ ಹೊರಟಿದ್ದೀಯೆ? ಕನ್ನಡಿಯೊಳಗಿನವನಿಗೆ ಎಲ್ಲಿಗೂ ಹೋಗುವ ಮನಸ್ಸಿರಲಿಲ್ಲ. ಹೋಗುವುದಕ್ಕೆ ಎಲ್ಲೂ ಇರಲಿಲ್ಲ. ಮೂರನೆಯ ದಿನ ರೇಗಿ, ಕಾದ ಓವನ್ನನ್ನು ಹಾಗೆಯೇ ಗೋಡೆಯಿಂದ ಎಳೆದು, ಅಂಗೈ ಸುಟ್ಟುಕೊಂಡು ಮೀಟರ್ ಹಚ್ಚಿದೆ. ಮುಳ್ಳು ಅಲುಗಲಿಲ್ಲ. ಅಲುಗದ ಆ ಮುಳ್ಳಿನ ತುದಿಯಲ್ಲಿ, ನಾನು ಎರಡನೆಯ ಚೌಕಕ್ಕೆ ಗುರುತು ಹಾಕಿದ್ದ ಮನೆಗಳೆಲ್ಲ, ಒಂದರ ಹಿಂದೊಂದು, ತಮ್ಮ ತಮ್ಮ ಬಾಗಿಲು ತೆರೆದು ನನ್ನನ್ನು ನೋಡಿದವು.

ನಾನು ಯಾರಿಗೂ ಹೇಳಲಿಲ್ಲ. ಅಂಗೈಯ ಬೊಬ್ಬೆ ಒಣಗಿತು, ಚರ್ಮ ಕೂಡಿಕೊಂಡಿತು. ಕೂಡಿಕೊಂಡ ಚರ್ಮದ ಹಾಗೆ ಬಾಯಿಯೂ.

ಈಗ ಚೀಟಿಯ ಕೆಳಗೆ ನನ್ನ ಹೆಸರಿಗೆಂದು ಬಿಟ್ಟ ಖಾಲಿ ಗೆರೆ ನೋಡಿದಾಗ, ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಿದರೆ ಆಗ ಹೇಳಲಾರದವನಾಗಿದ್ದೆ. “ಪರೀಕ್ಷೆ ಯಾವ ಸಾಲಿನ್ಯಾಗ ಮಾಡಿದ್ರಿ?” ಎಂದೆ.

“ಯಾವಾಗ್ಲೂ ಮಾಡೂ ಸಾಲಿನ್ಯಾಗ. ಮೊದಲ ನಾ ಹೋದೆ, ಓವನ್ ಹತ್ತಲಿಲ್ಲ. ಇಕಿ ಹೋದ್ಲು, ಹತ್ತಲಿಲ್ಲ. ಮಗಾ ಹೋದಾ, ಹತ್ತಲಿಲ್ಲ. ಈ ಮಹಾತಾಯಿ ಹೊರಗ ಕಾಲಿಟ್ಲು ನೋಡು, ಟಕ್ಕಂತ ಹತ್ತಿತು! ಒಳಗ ಬಂದ್ಲು, ಕಾಲು ತಾಸಿನ್ಯಾಗ ಮತ್ತ ಮೂರು. ಇದಕ್ಕಿಂತ ಇನ್ನೇನ ಬೇಕು?”

“ಇನ್ನೊಮ್ಮೆ ಮಾಡೂಣು. ಈಗ, ನನ್ನ ಕಣ್ಣ ಮುಂದ. ಆದ್ರ ಈ ಸಲ ಸಣ್ಣವರಿಂದ ಸುರು.”

“ಏನು?” ಅವನ ಕೈ ನನ್ನ ಭುಜದಿಂದ ಜಾರಿತು. “ಸೊಸಿ ಮೊದಲ, ಮಾವ ಕಡೀಗೆ? ನಿನಗೇನು ಅರಳು ಮರಳೇನು?”

“ಹಂಗಿದ್ರ ನನ್ನ ಸಹಿ ಇಲ್ಲ.”

ಅವನು ಹೆಂಡತಿಯ ಕಡೆ ನೋಡಿದ. ಶಂಕ್ರವ್ವ ನನ್ನನ್ನೇ ನೋಡುತ್ತಿದ್ದಳು, ರೆಪ್ಪೆ ಬಡಿಯದೆ. “ಮಾಡ್ಲಿ ಬಿಡ್ರಿ,” ಎಂದಳು. “ಅಣ್ಣಾರ ಮೂವತ್ತೆಂಟು ವರ್ಷ ಇದನ್ನ ಮಾಡ್ಯಾರ. ಅವರಿಗೆ ಗೊತ್ತಿರ್ತೈತಿ.”

ದಾಕ್ಷಾಯಣಿ ಬರಿಗಾಲಲ್ಲಿ ಹೊಸ್ತಿಲು ದಾಟಿ ಜಗಲಿಯ ಮೇಲೆ ಕೂತಳು. ಹದಿನೈದು ದಿನದ ಮೇಲೆ ಮೊದಲ ಸಲ ಅವಳ ಮೇಲೆ ಬಿಸಿಲು ಬಿತ್ತು. ಅವಳು ಕಣ್ಣು ಕಿರಿದು ಮಾಡಿ, ಬೀದಿಯಲ್ಲಿ ಹೋಗುವವರನ್ನೆಲ್ಲ ಕೊಲ್ಲುವ ಹಾಗೆ ನೋಡಿದಳು. ರಾಚಪ್ಪ ಗುಂಡಿ ಒತ್ತಿದ. ಮೂರು.

“ಆಕಿ ಹೊರಗ ಅದಾಳಲಾ?” ಎಂದ ಗುರುಪಾದಪ್ಪ. “ಮತ್ಯಾಕ ಹತ್ತವಲ್ದು?”

ಅವಳು ಒಳಗೆ ಬಂದ ಮೇಲೆ ರಾಚಪ್ಪ ಹೋದ. ಮೂರು. ಶಂಕ್ರವ್ವ ಹೋಗಿ, ಜಗಲಿಯ ಅಂಚಿನಲ್ಲಿ ಬೀದಿಗೆ ಬೆನ್ನು ಮಾಡಿ ಕೂತು ಬಂದಳು. ಮೂರು. ಅಷ್ಟರಲ್ಲಿ ಅರ್ಧ ತಾಸು ಕಳೆದಿತ್ತು. ಓವನ್ನಿನ ಬಾಗಿಲ ಗಾಜನ್ನು ಮುಟ್ಟಿ ನೋಡಿದೆ. ಜ್ವರ ಬಿಟ್ಟ ಹಣೆಯಷ್ಟು ತಂಪಾಗಿತ್ತು.

“ಈಗ ನೀನು,” ಎಂದೆ ಗುರುಪಾದಪ್ಪನಿಗೆ.

ಅವನು ಧೋತರದ ಚುಂಗು ಎತ್ತಿ ಹಿಡಿದು, ಊರಿನ ತಕರಾರು ಬಗೆಹರಿಸಲು ಹೋಗುವವನ ಹಾಗೆ ಹೊರನಡೆದ. ರಾಚಪ್ಪ ಗುಂಡಿ ಒತ್ತಿದ. ಒಳಗೆ ರಿಲೇ ಟಕ್ಕೆಂದಿತು. ಮೂರು ಅಳಿಸಿಹೋಗಿ, ಕಾವಿನ ಅಂಕಿಗಳು ಒಂದೊಂದೇ ಮೇಲೇರತೊಡಗಿದವು.

ದಾಕ್ಷಾಯಣಿ ನಕ್ಕಳು, ಬಾಯಿಗೆ ಸೆರಗು ಒತ್ತಿಕೊಂಡು. “ಮಾವಾರ,” ಎಂದು ಕಿಟಕಿಯಿಂದ ಕೂಗಿದಳು, “ಹತ್ತಿತ್ರೀ! ಒಳಗ ಬರ್ರಿ, ನಿಮ್ಮ ಚಪ್ಪಲಿ ಡಬ್ಯಾಗ ಇಡಬೇಕು!”

ಗುರುಪಾದಪ್ಪ ಒಳಗೆ ಬಂದಾಗ ಅವನ ಮುಖ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. “ನಾನು? ಈ ಮನಿ ಬಿಟ್ಟು ನಾನು? ಎಲ್ಲಿಗೆ ಹೋಗ್ಲಿ ನಾನು, ಈ ವಯಸ್ಸಿನ್ಯಾಗ? ಈ ಗ್ವಾಡಿ ಕಟ್ಟಿದಾಂವ ನಾನು! ಸುಳ್ಳು ಇದು! ಓವನ್ ಸುಳ್ಳು ಹೇಳತೈತಿ!”

“ಹದಿನೈದು ದಿನದಿಂದ ನಾ ಹೇಳಿದ್ದೂ ಅದನ್ನ ಅಲ್ರಿ?” ಎಂದಳು ದಾಕ್ಷಾಯಣಿ. ಅವಳ ನಗೆ ಹೋಗಿ ಧ್ವನಿ ಒರಟಾಯಿತು. “ನಿಮಗೊಂದು ಕ್ಷಣ ಸಹಿಸಾಕ ಆಗವಲ್ದು. ನನ್ನ ಚಪ್ಪಲಿ ಕಟ್ಟಿ ಅಟ್ಟಕ್ಕ ಹಾಕಿದ್ರಲಾ!”

ಕಾಲು ತಾಸಿಗೆ ಸರಿಯಾಗಿ ಮತ್ತೆ ಮೂರು ಬಂತು, ಎಲ್ಲರೂ ಒಳಗಿರುವಾಗ. ಈ ಸಲ ನಾನು ಕಾಯಲಿಲ್ಲ. ಪ್ಲಗ್ ಕಿತ್ತೆ, ರಾಚಪ್ಪನ ಕೈಗೆ ಎರಡು ದಪ್ಪ ಬಟ್ಟೆ ಕೊಟ್ಟು ಓವನ್ನನ್ನು ಗೋಡೆಯಿಂದ ಮುಂದಕ್ಕೆ ಎಳೆಸಿದೆ. ಬೆನ್ನಿನ ತಗಡು ಬಿಚ್ಚಿದಾಗ ಶಾಖ ಮುಖಕ್ಕೆ ಹೊಡೆಯಿತು. ಚೀಲದಿಂದ ನನ್ನ ಹಳೆಯ ಮುಳ್ಳಿನ ಮೀಟರ್ ತೆಗೆದು, ಬೋರ್ಡಿನ ಕಡೆಯಿಂದ ಕಡ್ಡಿಯ ತಂತಿಗಳಿಗೆ ಹಚ್ಚಿದೆ. “ಎಲ್ಲಾರೂ ಬರ್ರಿ ಇಲ್ಲೆ,” ಎಂದೆ. “ಮುಳ್ಳ ನೋಡ್ರಿ.”

ಮುಳ್ಳು ಸತ್ತು ಬಿದ್ದಿತ್ತು. ಮರದ ಕೋಲಿನಿಂದ ಪ್ಲಾಸ್ಟಿಕ್ ಜೋಡಣೆಯನ್ನು ಸುಮ್ಮನೆ ಒತ್ತಿದೆ. ಮುಳ್ಳು ಧಡಕ್ಕನೆ ಎದ್ದು ಸಾವಿರದಾರುನೂರಕ್ಕೆ ಹೋಗಿ ನಿಂತಿತು. ಕೋಲು ತೆಗೆದೆ, ಮತ್ತೆ ಬಿತ್ತು. ಜೋಡಣೆಯನ್ನು ಕತ್ತರಿಸಿ ಅಂಗೈಯಲ್ಲಿಟ್ಟು ತೋರಿಸಿದೆ. ಬಿಳಿಯಿರಬೇಕಾದ ಪ್ಲಾಸ್ಟಿಕ್ಕು ಬೆಲ್ಲದ ಬಣ್ಣಕ್ಕೆ ತಿರುಗಿ ಬಿರಿದಿತ್ತು, ಉಗುರಿನಷ್ಟು ಗಾತ್ರದ್ದು.

“ಕಾದಾಗ ಬಿಡ್ತೈತಿ, ಆರಿದಾಗ ಕೂಡ್ತೈತಿ. ಆರಾಕ ಅರ್ಧ ತಾಸು ಬೇಕು. ಮೊದಲ ಮೂರು ಮಂದಿ ಹೊರಗ ಹೋಗಿ ಬರೂತನಕ ಇನ್ನೂ ಬಿಸಿ, ಅದಕ್ಕ ಹತ್ತಂಗಿಲ್ಲ. ನಾಕನೇದವರ ಪಾಳಿ ಬರೂದ್ರಾಗ ಆರಿರ್ತೈತಿ, ಹತ್ತತೈತಿ. ಕಡೀಗೆ ಯಾರು ಹೊರಗ ಹೋಗ್ತಾರೋ ತಪ್ಪು ಅವರ ತಲೀ ಮ್ಯಾಲೆ. ಕಡೀಗೆ ಹೋಗಾಕಿ ಯಾರು? ಯಾವ ಮನ್ಯಾಗ ನೋಡಿದ್ರೂ ಸೊಸಿ.” ನನ್ನ ದನಿ ಏರಿಹೋಗಿತ್ತು, ಇಳಿಸಲು ಮನಸ್ಸಾಗಲಿಲ್ಲ. “ನಿಮ್ಮ ಮರ್ಯಾದಿ ಸಾಲು ಇದು! ಒಬ್ಬರಿಗರೆ ಒಮ್ಮೆ ಸಾಲು ತಿರುವಿ ನೋಡಬೇಕು ಅನಿಸಲಿಲ್ಲ!”

ತಂತಿಗಳ ತುದಿ ಕೆರೆದು, ಚೀಲದಲ್ಲಿದ್ದ ಪಿಂಗಾಣಿಯ ಜೋಡಣೆ ಹಾಕಿ ಬಿಗಿದೆ. ಮೂರು ವರ್ಷದಿಂದ ಅದು ನನ್ನ ಚೀಲದಲ್ಲಿತ್ತು, ಯಾರ ಮನೆಗೂ ಒಯ್ಯದೆ. ಚೀಟಿಯ ಮೊದಲ ಚೌಕಕ್ಕೆ ಗುರುತು ಹಾಕಿ, ಎರಡನೆಯದರ ಗುರುತನ್ನು ಕಾಗದ ಹರಿಯುವಷ್ಟು ಒತ್ತಿ ಹೊಡೆದುಹಾಕಿ, ಸಹಿ ಮಾಡಿದೆ. ಓವನ್ ಹತ್ತಿತು. ಕಾಲು ತಾಸು ಕಳೆಯಿತು, ಇನ್ನೂ ಹತ್ತು ನಿಮಿಷ ಕಳೆಯಿತು, ಮೂರು ಬರಲಿಲ್ಲ. ದಾಕ್ಷಾಯಣಿ ಹೊಸ ರೊಟ್ಟಿ ತಟ್ಟಿ ಒಳಗಿಟ್ಟಳು. ಅವು ಉಬ್ಬಿ, ಮೈಮೇಲೆ ಕಂದು ಚುಕ್ಕೆ ಏಳತೊಡಗಿದವು. ಮನೆಯ ತುಂಬ ಜೋಳದ ವಾಸನೆ. ರಾಚಪ್ಪ ಹೆಂಡತಿಯ ಹತ್ತಿರ ಹೋಗಿ ಏನೋ ಹೇಳಲು ಬಾಯಿ ತೆರೆದ. ಅವಳು ಮೊಣಕೈಯಿಂದ ಅವನನ್ನು ಪಕ್ಕಕ್ಕೆ ತಳ್ಳಿದಳು. “ಹಸಿವಾಗೈತೇನು? ಕೂಡ್ರಿ ಅಲ್ಲೆ. ಮಾತು ಆಮ್ಯಾಲೆ ಐತಿ ನಿಮಗ.” ತಳ್ಳಿದ ರೀತಿಯಲ್ಲಿ, ಅವಳು ಎಲ್ಲಿಗೂ ಹೋಗುವವಳಲ್ಲವೆಂದು ಕುರುಡನಿಗೂ ತಿಳಿಯುವಂತಿತ್ತು.

ನಾನು ಮೀಟರಿನ ತಂತಿ ಸುತ್ತುತ್ತಿದ್ದೆ. ಶಂಕ್ರವ್ವ ಬಂದು, ಕಟ್ಟೆಯ ಮೇಲಿದ್ದ ಆ ಸುಟ್ಟ ಜೋಡಣೆಯನ್ನು ಎರಡು ಬೆರಳಲ್ಲಿ ಎತ್ತಿಕೊಂಡಳು.

“ಅಣ್ಣಾರ, ಆವತ್ತು ನೀವು ಬಿಸಿ ಇದ್ದಾಗ ನೋಡಿದ್ರೇನು?”

ಯಾವತ್ತು ಎಂದು ಕೇಳುವ ಧೈರ್ಯ ನನಗಿರಲಿಲ್ಲ. “ಇಲ್ಲ ಶಂಕ್ರವ್ವ.”

“ಕಡೀಗೆ ಹೊರಗ ಹೋದಾಕಿ ನಾನ. ಜಗಲಿ ಮ್ಯಾಲೆ ಕುಂತಿದ್ದೆ. ಒಳಗ ನಮ್ಮತ್ತಿ ‘ಹತ್ತಿತು’ ಅಂತ ಕೂಗಿದ್ದು ಇನ್ನೂ ಕಿವ್ಯಾಗ ಐತಿ.” ಅವಳು ಜೋಡಣೆಯನ್ನು ಬೆಳಕಿಗೆ ಹಿಡಿದಳು. “ಆರು ತಿಂಗಳ ಮ್ಯಾಲೆ ಹಳೇ ಓವನ್ ತಗದು ಹೊಸಾದು ತಂದ್ರು. ಮೂರು ಬರೂದು ನಿಂತಿತು. ನಾ ತಿದ್ದಿಕೊಂಡೆ ಅಂದ್ರು ಎಲ್ಲಾರೂ. ನಾನೂ ಹಂಗ ಅನಕೊಂಡೆ.”

“ಅದು… ಓವನ್ ಬದಲಾತು, ಅಷ್ಟ.”

“ಆ ವರ್ಷ ನಮ್ಮಪ್ಪ ಸತ್ತಾ. ಹೊಳಿ ಆಚೀಕಡೆ, ಒಂದು ತಾಸಿನ ದಾರಿ. ಹೊಸ್ತಿಲ ದಾಟಬಾರದು ಅಂದ್ರು. ನಾ ಇಲ್ಲೇ, ಈ ಕಿಟಕ್ಯಾಗ ನಿಂತು ಅತ್ತೆ. ಆವಾಗ ಅನಸ್ತು, ನಾ ಖರೇನ ಎಲ್ಲ್ಯರೆ ಮನಸಿನ್ಯಾಗ ಹೋಗಿದ್ದೆ ಕಾಣತೈತಿ, ಅದಕ್ಕ ಈ ಶಿಕ್ಷಾ. ನೆನಪ ಮಾಡಿಕೊಳ್ಳಾಕ ನೋಡಿದೆ. ಯಾವಾಗ ಹೋಗಿದ್ದೆ? ಎಲ್ಲಿಗೆ? ಮೂವತ್ತೊಂದು ವರ್ಷ ಹುಡುಕೀನಿ ನಾನು, ಮಾಡದ ತಪ್ಪನ್ನ.” ಅವಳ ದನಿ ಏರಲಿಲ್ಲ. “ನಿನಗ ಇದು ಯಾವಾಗ ಗೊತ್ತಾತು?”

‘ನೀವು’ ಹೋಗಿ ‘ನೀನು’ ಬಂದಿತ್ತು. “ಮೂರು ವರ್ಷ ಆತು,” ಎಂದೆ.

“ಮೂರು ವರ್ಷ.” ಅವಳು ಮೊದಲ ಬಾರಿಗೆ ಸೊಸೆಯ ಕಡೆ ನೇರವಾಗಿ ನೋಡಿದಳು. “ಆವಾಗ ಬಂದು ಹೇಳಿದ್ರ ನಾ ಈಕೀಗೆ ಹಿಂಗ ಮಾಡ್ತಿದ್ನೇನು? ನನ್ನ ಕೈಲೆ ಕಟ್ಟೀನಿ ಈಕಿ ಚಪ್ಪಲಿ. ನನ್ನ ಈ ಕೈಲೆ! ನಮ್ಮತ್ತಿ ಹಾಕಿದಂಗ ಮೂರು ಗಂಟು ಹಾಕೀನಿ. ಬಾಯಾಗ ಏನ ಇಟಗೊಂಡಿದ್ದಿ ನೀನು ಮೂರು ವರ್ಷ?”

“ಹೆದರಿದ್ದೆ.”

“ನೀ ಹೆದರಿದ್ದಿ,” ಎಂದಳು ಶಂಕ್ರವ್ವ.

“ಹೋಗ್ಲಿ ಬಿಡ,” ಎಂದ ಗುರುಪಾದಪ್ಪ, ಮಣೆಯ ಮೇಲೆ ಕೂರುತ್ತ. “ಆಗಿದ್ದು ಆತು. ಹಳೇದ ತಗದು ಏನ ಮಾಡೂದೈತಿ? ಊಟಕ್ಕ ಹಾಕ.”

ಅವಳು ಗಂಡನನ್ನು ನೋಡಿದಳು. ಬಹಳ ಹೊತ್ತು ನೋಡಿದಳು, ಯಾವುದೋ ಹಳೆಯ ಪಟದಲ್ಲಿ ತನ್ನ ಗುರುತು ಹಿಡಿಯಲಾಗದವಳಂತೆ. ಅವಳ ಬೆನ್ನ ಹಿಂದೆ ರಿಲೇ ಟಕ್ಕೆಂದಿತು. ಉಬ್ಬಿ ನಿಂತ ರೊಟ್ಟಿಗಳು ಮೆಲ್ಲನೆ ಕುಸಿದವು. ಕಪ್ಪು ಗಾಜಿನಲ್ಲಿ ಕೆಂಪಗೆ ಮೂರು.

ಮೂವರ ಕಣ್ಣು ಏಕಕಾಲಕ್ಕೆ ದಾಕ್ಷಾಯಣಿಯ ಮೇಲೆ ಹೋದವು. ನನ್ನ ಕಣ್ಣೂ ಅದರಲ್ಲಿ ಒಂದು. ಅದನ್ನು ಬರೆಯದಿದ್ದರೆ ಈ ಕಥೆಯೂ ಓವನ್ ತಣ್ಣಗಿದ್ದಾಗ ತೆಗೆದ ಅಳತೆಯೇ ಆಗುತ್ತದೆ.

“ನಾ ಅಲ್ಲ!” ಎಂದು ಅವಳು ಚೀರಿದಳು. “ದೇವರಾಣಿ ನಾ ಅಲ್ಲ!”

“ನಾ ಹೇಳಲಿಲ್ಲೇನು?” ಗುರುಪಾದಪ್ಪ ಮಣೆಯಿಂದ ಎದ್ದೇಬಿಟ್ಟ. “ಎಲ್ಲಾ ರಿಪೇರಿ ಆತಂದಿ, ಮತ್ತ ಬಂತು ನೋಡು! ಬ್ಯಾರೆ ಚೀಟಿ ಬರಿ ತೋಟಪ್ಪಾ!”

ನಾನು ಪ್ಲಗ್ ಕಿತ್ತು, ಬಿಸಿಯಿರುವಾಗಲೇ ಮೀಟರ್ ಹಚ್ಚಿದೆ. ಮುಳ್ಳು ಎದ್ದು, ಸಾವಿರದಾರುನೂರಕ್ಕೆ ಹೋಗಿ, ಅಲ್ಲೇ ನಿಂತಿತು. ಪಿಂಗಾಣಿಯನ್ನು ಒತ್ತಿದೆ, ಎಳೆದೆ, ತಟ್ಟಿದೆ. ಮುಳ್ಳು ಕದಲಲಿಲ್ಲ. ಬೋರ್ಡು ಸರಿ, ರಿಲೇ ಸರಿ, ತಂತಿ ಸರಿ. ನನ್ನ ಬದುಕಿನಲ್ಲಿ ಮೊದಲ ಬಾರಿಗೆ ಪೂರ್ತಿ ಅಳೆದು ನೋಡಿದ ಓವನ್ ಅದು. ಯಂತ್ರದಲ್ಲಿ ದೋಷವಿರಲಿಲ್ಲ. ಪ್ಲಗ್ ಮತ್ತೆ ಹಾಕಿ ಗುಂಡಿ ಒತ್ತಿದೆ. ಮೂರು.

“ಆಕಿ ಅಲ್ಲ,” ಎಂದಳು ಶಂಕ್ರವ್ವ. “ಆಕೀನ್ನ ನೋಡಬ್ಯಾಡ್ರಿ.”

ಅವಳು ಮಣೆಯನ್ನು ಕಾಲಿನಿಂದ ಗೋಡೆಯ ಬುಡಕ್ಕೆ ತಳ್ಳಿ, ಮೇಲೆ ಹತ್ತಿ, ಅಟ್ಟದಿಂದ ಡಬ್ಬಿ ಇಳಿಸಿದಳು. ತಾನೇ ಹಾಕಿದ ಮೂರು ಗಂಟುಗಳನ್ನು ಬಿಚ್ಚಲು ಹೋಗದೆ ಈಳಿಗೆಯಿಂದ ಹಗ್ಗ ಕೊಯ್ದಳು. ದಾಕ್ಷಾಯಣಿಯ ಚಪ್ಪಲಿಗಳನ್ನು ತೆಗೆದು, ಸೆರಗಿನಿಂದ ಧೂಳು ಒರೆಸಿ, ಸೊಸೆಯ ಕಾಲ ಬಳಿ ಜೋಡಿಸಿಟ್ಟಳು. ಡಬ್ಬಿಯ ತಳದಲ್ಲಿ ಕಾಗದ ಸುತ್ತಿದ ಇನ್ನೊಂದು ಜೊತೆ ಇತ್ತು. ಮೂವತ್ತೊಂದು ವರ್ಷದ ಹಿಂದಿನ ಆ ಶಿಕ್ಷೆ ಮುಗಿದಾಗ ಅದನ್ನು ಯಾರೂ ಶಂಕ್ರವ್ವನಿಗೆ ತೆಗೆದುಕೊಟ್ಟಿರಲಿಲ್ಲ, ಅವಳೂ ಕೇಳಿರಲಿಲ್ಲ. ಸಣ್ಣ ಅಳತೆಯ, ಹರೆಯದ ಹುಡುಗಿಯ ಕೆಂಪು ಚಪ್ಪಲಿ. ಚರ್ಮ ಒಣಗಿ ಹಪ್ಪಳದಂತಾಗಿತ್ತು. ಎತ್ತಿದ ಕೂಡಲೇ ಒಂದರ ಉಂಗುಟದ ಪಟ್ಟಿ ಕಿತ್ತುಬಂತು.

ಅವುಗಳನ್ನು ತಂದು ನನ್ನ ಕೈಯಲ್ಲಿಟ್ಟಳು.

“ಇವು ನಿನ್ನವು,” ಎಂದಳು.

“ಎಲ್ಲಿಗೆ ನಡದಿ?” ಎಂದ ಗುರುಪಾದಪ್ಪ. ಅವನ ದನಿಯಲ್ಲಿದ್ದ ಇಟ್ಟಿಗೆಗಳೆಲ್ಲ ಸಡಿಲಾಗಿದ್ದವು.

“ಅಪ್ಪನ ಮನಿಗೆ.”

“ಅಲ್ಲೆ ಯಾರದಾರ ಈಗ? ಬೀಗಾ ಹಾಕೈತಿ. ಮ್ಯಾಲೆ ಹಂಚೂ ಇಲ್ಲ.”

“ಗ್ವಾಡಿ ಅದಾವ,” ಎಂದಳು. “ಒಂದಕ್ಕ ಬೆನ್ನು ಹಚ್ಚಿ ಕೂಡ್ತೀನಿ. ಅಪ್ಪಗ ಅತ್ತು ಬರಾಕ ಹೋಗೇ ಇಲ್ಲ ನಾನು. ಇನ್ನ ತಿರುಗಿ ಬರೂದಿಲ್ಲ.”

“ಯವ್ವಾ,” ಎಂದ ರಾಚಪ್ಪ.

ದಾಕ್ಷಾಯಣಿ ತನ್ನ ಚಪ್ಪಲಿಗಳನ್ನು ಎತ್ತಿಕೊಂಡು, ಬಾಗಿಲ ಕಡೆ ನಡೆದ ಶಂಕ್ರವ್ವನ ಹಿಂದೆ ಓಡಿದಳು. “ಅತ್ತೀ, ಬಿಸಲಾಗ ಬರಿಗಾಲಲೆ ಹೋಗಬ್ಯಾಡ್ರಿ. ಇವನ್ನ ಹಾಕ್ಕೊಂಡು ಹೋಗ್ರಿ. ಹೊಳೀತನಕ ಕಲ್ಲು ದಾರಿ.”

ಶಂಕ್ರವ್ವ ನಡುಮನೆಯಲ್ಲಿ ನಿಂತಳು. ಸೊಸೆಯ ಗಲ್ಲದ ಮೇಲಿದ್ದ ಹಿಟ್ಟನ್ನು ಹೆಬ್ಬೆರಳಿನಿಂದ ಒರೆಸಿದಳು; ಹದಿನೈದು ದಿನದಲ್ಲಿ ಅವಳನ್ನು ಮುಟ್ಟಿದ್ದು ಅದೊಂದೇ ಸಲ. “ಬ್ಯಾಡ,” ಎಂದಳು. “ಇನ್ನ ಮ್ಯಾಲೆ ಅಟ್ಟದ ಮ್ಯಾಲೆ ಇಡಾಕ ಕೊಡಬ್ಯಾಡ. ಬಾಗಲದಾಗ ಇರ್ಲಿ, ಕೈಗೆ ಸಿಗುವಂಗ.”

ಅವಳು ಹೊಸ್ತಿಲ ಮೇಲೆ ಬಲಗಾಲಿಟ್ಟು, ಎಡಗಾಲನ್ನು ಹೊರಗೆ ತೆಗೆದುಕೊಂಡ ಕ್ಷಣದಲ್ಲಿ, ಅಡುಗೆಮನೆಯಲ್ಲಿ ರಿಲೇ ಟಕ್ಕೆಂದಿತು. ಯಾರೂ ಗುಂಡಿ ಒತ್ತಿರಲಿಲ್ಲ. ರೊಟ್ಟಿ ಕಾಯುವ ವಾಸನೆ ನಮ್ಮ ಬೆನ್ನ ಹಿಂದಿನಿಂದ ನಿಧಾನವಾಗಿ ಎದ್ದುಬಂತು. ಯಾರೂ ತಿರುಗಿ ನೋಡಲಿಲ್ಲ. ಒಣಗಿ ಹಗುರವಾದ ಆ ಕೆಂಪು ಚಪ್ಪಲಿಗಳನ್ನು ಎರಡೂ ಕೈಯಲ್ಲಿ ಹಿಡಿದು ನಾನು ನಿಂತಿದ್ದೆ. ಹೊರಗಿನಿಂದ ಅವಳು ಬಾಗಿಲಿನ ಚಿಲಕ ಹಿಡಿದು, ಒಮ್ಮೆಯೂ ಒಳಗೆ ಕಣ್ಣು ಹಾಯಿಸದೆ, ಬಾಗಿಲನ್ನು ತಾನೇ ಎಳೆದುಕೊಂಡಳು. ಅದು ಮುಚ್ಚಿತು.